ರಜೆ ಮುಗಿಯುವ ವಾರವೇ ಗಾಬರಿ ಯಾಕೆ ಜಾಸ್ತಿ?

ಆತಂಕದ ಕಾಯಿಲೆಗೆ ಅಂತ ನಾನು ಏಳು ವಾರ ರಜೆ ಹಾಕಿದ್ದೆ. ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ಮಾರುವ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ರಜೆಯ ಮೊದಲ ಎರಡು ವಾರ ಬರೀ ನಿದ್ದೆ. ನಾಲ್ಕನೇ ವಾರದ ಹೊತ್ತಿಗೆ ಊಟ ರುಚಿಸತೊಡಗಿತು. ಐದನೇ ವಾರ ಅಕ್ಕನಿಗೆ ಫೋನ್ ಮಾಡಿ ‘ಆರಾಮಾದೆ ಕಣಕ್ಕ’ ಅಂತ ಹೇಳಿದ್ದೆ. ಆರನೇ ವಾರದ ಕೊನೆಗೆ ಆಫೀಸಿನಿಂದ ಒಂದು ಸಾಲಿನ ಮೇಲ್ ಬಂತು: ಸೋಮವಾರದಿಂದ ಬರುತ್ತೀರಾ? ಎದೆ ಡವಡವ ಅಂತ ಹೊಡೆದುಕೊಂಡಿತು. ಅಂಗೈ ಬೆವರಿತು. ರಾತ್ರಿ ಮೂರಕ್ಕೆ ಎಚ್ಚರವಾಗಿ ಬೆಳಗಿನವರೆಗೂ ಸೂರು ನೋಡುತ್ತಾ ಮಲಗಿದ್ದೆ. ರಜೆ ಹಾಕಿದ ದಿನಕ್ಕಿಂತ ಕೆಟ್ಟ ಸ್ಥಿತಿ.

ಇನ್ನೂ ವಾಸಿಯಾಗಿಲ್ಲ, ರಜೆ ಇನ್ನೊಂದು ತಿಂಗಳು ಮುಂದಕ್ಕೆ ಹಾಕಬೇಕು ಅಂತ ಅವತ್ತು ನಿರ್ಧಾರ ಮಾಡಿಬಿಟ್ಟಿದ್ದೆ. ಆತಂಕಕ್ಕೆ ರಜೆ ಹಾಕಿದ ಬಹಳಷ್ಟು ಜನ ಇಲ್ಲೇ ಎಡವುತ್ತಾರೆ. ನನ್ನ ಡಾಕ್ಟರು ಕೇಳಿ ನಕ್ಕುಬಿಟ್ಟರು. ‘ಈ ವಾರ ಜಾಸ್ತಿ ಆಗದಿದ್ದರೆ ನನಗೆ ಆಶ್ಚರ್ಯ ಆಗೋದು’ ಅಂದರು.

ಯಾಕೆ ಅಂತ ತಿಳಿಯಲು ಭಯ ಕೆಲಸ ಮಾಡುವ ರೀತಿ ಸ್ವಲ್ಪ ಗೊತ್ತಿರಬೇಕು. ಮಿದುಳಿನಲ್ಲಿ ಅಮಿಗ್ಡಲ ಅಂತ ಬಾದಾಮಿ ಆಕಾರದ ಒಂದು ಪುಟ್ಟ ಭಾಗ ಇದೆ. ಅಪಾಯದ ಸುಳಿವು ಸಿಕ್ಕರೆ ಗಂಟೆ ಹೊಡೆಯುವುದು ಅದರ ಕೆಲಸ. ಗಂಟೆ ಹೊಡೆದರೆ ಅಡ್ರಿನಲಿನ್ ಹರಿಯುತ್ತದೆ, ಎದೆಬಡಿತ ಏರುತ್ತದೆ, ಉಸಿರು ಗಿಡ್ಡವಾಗುತ್ತದೆ, ಹೊಟ್ಟೆ ಕಲಕುತ್ತದೆ. ಹಾವು ಕಂಡಾಗ ಓಡಿ ಪಾರಾಗಲು ದೇಹ ಮಾಡಿಕೊಂಡ ಏರ್ಪಾಡು ಇದು. ಆದರೆ ಆ ಗಂಟೆಗೆ ಹಾವೂ ಒಂದೇ, ‘ಸ್ವಲ್ಪ ಕ್ಯಾಬಿನ್‌ಗೆ ಬನ್ನಿ’ ಅನ್ನುವ ಮೆಸೇಜೂ ಒಂದೇ. ನಮ್ಮಲ್ಲಿ ಇದನ್ನು ಮೊದಲು ಗ್ಯಾಸ್ ಅಂದುಕೊಳ್ಳುತ್ತಾರೆ, ಆಮೇಲೆ ಹಾರ್ಟ್ ಅಂದುಕೊಳ್ಳುತ್ತಾರೆ. ನನಗೂ ಎರಡು ಇಸಿಜಿ, ಒಂದು ಎಕೋ, ಒಂದು ಥೈರಾಯ್ಡ್ ಪರೀಕ್ಷೆ ಆಯಿತು. ಎಲ್ಲ ನಾರ್ಮಲ್. (ಥೈರಾಯ್ಡ್ ಪರೀಕ್ಷೆ ದಂಡ ಅಲ್ಲ. ಥೈರಾಯ್ಡ್ ಹೆಚ್ಚಾದರೂ ಇದೇ ಥರ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ.)

ಈಗ ಒಂದು ಬೀದಿನಾಯಿಯ ವಿಷಯ. ಮೂರನೇ ಕ್ರಾಸಿನಲ್ಲಿ ಒಂದು ನಾಯಿ ನಿಮ್ಮನ್ನು ನೋಡಿ ಬೊಗಳಿತು ಅಂದುಕೊಳ್ಳಿ. ಮಾರನೇ ದಿನದಿಂದ ನೀವು ನಾಲ್ಕನೇ ಕ್ರಾಸಿನಿಂದ ಸುತ್ತಿ ಹೋಗುತ್ತೀರಿ. ಪ್ರತಿ ಸಲ ಸುತ್ತಿ ಹೋದಾಗಲೂ ‘ಅಬ್ಬಾ, ಉಳಿದೆ’ ಅನ್ನಿಸುತ್ತದೆ. ಆ ‘ಅಬ್ಬಾ’ ಇದೆಯಲ್ಲ, ಅದೇ ಮಿದುಳಿಗೆ ಸಿಗುವ ಬಹುಮಾನ. ಸುತ್ತು ಹಾಕಿದ್ದಕ್ಕೇ ಬದುಕಿದೆ ಅಂತ ಅದು ಬರೆದಿಟ್ಟುಕೊಳ್ಳುತ್ತದೆ. ಆ ನಾಯಿ ಕಚ್ಚುತ್ತಿತ್ತೋ, ಬಾಲ ಆಡಿಸುತ್ತಿತ್ತೋ ಅನ್ನುವುದು ಗೊತ್ತಾಗುವುದೇ ಇಲ್ಲ. ತಿಂಗಳಾದ ಮೇಲೆ ಮೂರನೇ ಕ್ರಾಸಿನ ಹೆಸರು ಕೇಳಿದರೂ ಕಾಲು ನಡುಗುತ್ತದೆ. ನಾಯಿ ಬೆಳೆದಿಲ್ಲ, ಭಯ ಬೆಳೆದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಒ. ಎಚ್. ಮೌರರ್ 1947ರಲ್ಲಿ ಇದನ್ನೇ ಎರಡು ಹಂತವಾಗಿ ಬಿಡಿಸಿ ಹೇಳಿದರು. ಭಯ ಅಂಟಿಕೊಳ್ಳುವುದು ಒಂದು ಹಂತ. ತಪ್ಪಿಸಿಕೊಂಡಾಗ ಸಿಗುವ ನಿರಾಳವೇ ಆ ಭಯವನ್ನು ಸಾಕುವುದು ಎರಡನೆಯದು.

ಏಳು ವಾರದ ರಜೆ ಅಂದರೆ ಏಳು ವಾರದ ಸುತ್ತು. ಆಫೀಸು ಕಣ್ಣಿಗೆ ಬೀಳದಿದ್ದಾಗ ಗಂಟೆ ಸುಮ್ಮನಿತ್ತು. ನಾನು ಅದನ್ನು ವಾಸಿಯಾದದ್ದು ಅಂದುಕೊಂಡೆ. ಮೇಲ್ ಬಂದಾಗ ಗಂಟೆ ಮತ್ತೆ ಹೊಡೆಯಿತು, ಅದನ್ನು ಕಾಯಿಲೆ ಮರುಕಳಿಸಿದ್ದು ಅಂದುಕೊಂಡೆ. ಎರಡೂ ತಪ್ಪು ಲೆಕ್ಕ.

ಹಾಗಂತ ರಜೆ ಹಾಕಿದ್ದೇ ತಪ್ಪಾ? ಅಲ್ಲ. ನಿದ್ದೆ ಇಲ್ಲದೆ, ಊಟ ಸೇರದೆ, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಒಂದು ಎಂಟ್ರಿ ಹಾಕಲು ಅರ್ಧ ಗಂಟೆ ತಗೊಳ್ಳುತ್ತಿದ್ದವರು ಕುರ್ಚಿಗೆ ಅಂಟಿಕೊಂಡು ಕೂತರೆ ಯಾರಿಗೂ ಲಾಭ ಇಲ್ಲ. ಔಷಧಿಗೂ ಸಮಯ ಬೇಕು. ಆತಂಕಕ್ಕೆ ಸಾಮಾನ್ಯವಾಗಿ ಬರೆದುಕೊಡುವ ಎಸ್ಸಿಟಲೋಪ್ರಾಮ್, ಸರ್ಟ್ರಲೀನ್ ಥರದ ಮಾತ್ರೆಗಳು ನುಂಗಿದ ದಿನವೇ ಕೆಲಸ ಮಾಡುವುದಿಲ್ಲ. ಎರಡರಿಂದ ಆರು ವಾರ ಹಿಡಿಯುತ್ತದೆ. ಮೊದಲ ವಾರ ಕೆಲವರಿಗೆ ಚಡಪಡಿಕೆ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಕೈ ಮುರಿದಾಗ ಪ್ಲಾಸ್ಟರ್ ಹಾಕುವ ಹಾಗೆ ಈ ರಜೆ. ಪ್ಲಾಸ್ಟರ್ ತೆಗೆದ ದಿನ ಕೈ ಮಡಚಲು ಬರುವುದಿಲ್ಲ, ನೋಯುತ್ತದೆ. ಅದಕ್ಕೆ ಯಾರೂ ಇನ್ನೊಂದು ಪ್ಲಾಸ್ಟರ್ ಹಾಕಿಸಿಕೊಳ್ಳುವುದಿಲ್ಲ ಅಲ್ವಾ? ಮೆಲ್ಲಗೆ ಮಡಚುವುದನ್ನು ಅಭ್ಯಾಸ ಮಾಡುತ್ತಾರೆ.

ನೆದರ್ಲೆಂಡ್ಸ್‌ನಲ್ಲಿ ಕೆಲಸದ ಒತ್ತಡದಿಂದ ಮನೆಯಲ್ಲಿ ಕೂತಿದ್ದ ಸ್ವಂತ ಉದ್ಯೋಗಿಗಳ ಬಗ್ಗೆ ಒಂದು ಅಧ್ಯಯನ ನಡೆಯಿತು. 2006ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮನಶ್ಶಾಸ್ತ್ರಜ್ಞರಿಂದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದೇ ರೀತಿಯ ಚಿಕಿತ್ಸೆ ಚಿಕ್ಕದಾಗಿ, ಜೊತೆಗೆ ಕೆಲಸವನ್ನು ಹೇಗೆ ಬದಲಿಸಿಕೊಳ್ಳಬೇಕು, ಸ್ವಲ್ಪ ಸ್ವಲ್ಪವಾಗಿ ಹೇಗೆ ಮರಳಬೇಕು ಅನ್ನುವ ಸಲಹೆ. ಎರಡನೇ ಗುಂಪಿನವರು ಎಷ್ಟೋ ಬೇಗ ಕೆಲಸಕ್ಕೆ ಮರಳಿದರು. ಕಾಯಿಲೆಯ ಲಕ್ಷಣಗಳು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಇಳಿದಿದ್ದವು. ನನಗೆ ಇದು ಕಣ್ಣು ತೆರೆಸಿದ ವಿಷಯ. ಲಕ್ಷಣ ಇಳಿಯುವುದೇ ಬೇರೆ, ಕೆಲಸಕ್ಕೆ ಮರಳುವುದೇ ಬೇರೆ. ಮೊದಲನೆಯದು ಮುಗಿದ ಮೇಲೆ ಎರಡನೆಯದು ತಾನಾಗಿ ಬರುತ್ತದೆ ಅಂತ ಕಾದು ಕೂತರೆ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಮಾರ್ಗಸೂಚಿಯೂ ಚಿಕಿತ್ಸೆಯ ಜೊತೆಗೇ ಕೆಲಸದ ಕಡೆಗಿನ ನೆರವೂ ಇರಲಿ ಅನ್ನುತ್ತದೆ.

ಹಾಗಾದರೆ ಯಾವಾಗ ಹೋಗಬೇಕು? ಭಯ ಸೊನ್ನೆಯಾದಾಗ ಅಂತ ಇಟ್ಟುಕೊಂಡರೆ ಆ ದಿನ ಪಂಚಾಂಗದಲ್ಲೇ ಇಲ್ಲ. ಡಾಕ್ಟರು ನನ್ನನ್ನು ಕೇಳಿದ್ದು ಬೇರೆಯೇ ಪ್ರಶ್ನೆಗಳು. ರಾತ್ರಿ ಹೆಚ್ಚಿನ ದಿನ ನಿದ್ದೆ ಬರುತ್ತಿದೆಯಾ? ಬೆಳಗ್ಗೆ ಎದ್ದು ಸ್ನಾನ ಮಾಡಿ ತಯಾರಾಗಲು ಆಗುತ್ತಿದೆಯಾ? ಪೇಪರನ್ನೋ ಲೆಕ್ಕವನ್ನೋ ಒಂದು ಗಂಟೆ ಕೂತು ನೋಡಬಲ್ಲೆಯಾ? ಗಾಬರಿ ಬಂದಾಗ ಅದು ಇಳಿಯುವವರೆಗೆ ಕಾಯುವುದು ಗೊತ್ತಾಗಿದೆಯಾ? ಭಯ ಇದೆಯಾ ಅಂತ ಅವರು ಕೇಳಲೇ ಇಲ್ಲ. ನಾನು ಇನ್ನೊಂದು ವಾರ ಮಾತ್ರ ಕೇಳಿಕೊಂಡೆ. ಆ ವಾರ ಮನೆಯಲ್ಲಿ ಕೂರಬಾರದು ಅನ್ನುವುದು ಅವರ ಷರತ್ತು.

ಆ ವಾರದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಡೀ ವಿದ್ಯೆ ಇರುವುದು ಅಲ್ಲೇ.

ನನ್ನ ಮನೆ ಬನಶಂಕರಿ. ಆಫೀಸಿಗೆ ಮೆಟ್ರೋದ ಹಸಿರು ಮಾರ್ಗ. ರಜೆಗೆ ಮುಂಚೆ ನನಗೆ ಜೋರಾಗಿ ಗಾಬರಿ ಆಗಿದ್ದು ರೈಲಿನಲ್ಲೇ, ಸುರಂಗದೊಳಗೆ. ಹಾಗಾಗಿ ಮೊದಲ ದಿನ ಬೆಳಗ್ಗೆ ಹನ್ನೊಂದಕ್ಕೆ, ಜನ ಕಡಿಮೆ ಇರುವ ಹೊತ್ತಿಗೆ, ಬನಶಂಕರಿಯಿಂದ ಲಾಲ್‌ಬಾಗ್‌ವರೆಗೆ ಹೋದೆ. ಅದು ಪೂರ್ತಿ ಮೇಲ್ಸೇತುವೆ, ಬೆಳಕಿದೆ. ಇಳಿದೆ, ಹತ್ತು ನಿಮಿಷ ನಡೆದೆ, ವಾಪಸ್ ಬಂದೆ. ಎರಡನೇ ದಿನ ಮೆಜೆಸ್ಟಿಕ್. ಕೆ.ಆರ್. ಮಾರ್ಕೆಟ್ ಬರುವಷ್ಟರಲ್ಲಿ ರೈಲು ನೆಲದೊಳಗಿರುತ್ತದೆ. ಎದೆ ಹೊಡೆದುಕೊಳ್ಳಲು ಶುರುಮಾಡಿತು. ಚಿಕ್ಕಪೇಟೆಯಲ್ಲಿ ಬಾಗಿಲು ತೆರೆದದ್ದೇ ಇಳಿದುಬಿಟ್ಟೆ. ಇಳಿದ ಕೂಡಲೇ ಅದೇ ‘ಅಬ್ಬಾ’.

ಡಾಕ್ಟರು ಮೊದಲೇ ಹೇಳಿದ್ದರು: ಇಳಿದರೂ ಪರವಾಗಿಲ್ಲ, ಅಲ್ಲೇ ಕೂತು ಮುಂದಿನ ರೈಲು ಹತ್ತು, ಮನೆಗೆ ಮಾತ್ರ ಬರಬೇಡ. ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ಕೂತೆ. ಜೋರು ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಯಾಕೆಂದರೆ ದೇಹಕ್ಕೆ ಆ ಮಟ್ಟದಲ್ಲಿ ಬಹಳ ಹೊತ್ತು ಓಡಲು ಆಗುವುದಿಲ್ಲ. ಎರಡು ರೈಲು ಬಿಟ್ಟು ಮೂರನೆಯದು ಹತ್ತಿದೆ. ಮೆಜೆಸ್ಟಿಕ್ ಬಂತು. ಸಾಯಲಿಲ್ಲ. ಅವತ್ತು ಮಿದುಳು ಬರೆದಿಟ್ಟುಕೊಂಡದ್ದು ಬೇರೆ ಸಾಲು. ಮೂರನೇ ದಿನ ಯಶವಂತಪುರದವರೆಗೆ. ಮೆಜೆಸ್ಟಿಕ್ ದಾಟಿ ಸಂಪಿಗೆ ರಸ್ತೆಯ ಹತ್ತಿರ ಮತ್ತೆ ಬೆಳಕಿಗೆ ಬಂದಾಗ ಪಕ್ಕದಲ್ಲಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದರು. ಸುಮ್ನೆ ನಗುತ್ತಿದ್ದೆ ಅಂತ ಕಾಣುತ್ತದೆ. ನಾಲ್ಕನೇ ದಿನ ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿದು, ಆಫೀಸಿನ ಬೀದಿಯ ತುದಿಯಲ್ಲಿರುವ ಟೀ ಅಂಗಡಿಯವರೆಗೆ ಹೋಗಿ, ಒಂದು ಟೀ ಕುಡಿದು ಬಂದೆ. ಐದನೇ ದಿನ ಅದೇ ದಾರಿ, ಬೆಳಗ್ಗೆ ಎಂಟೂವರೆಯ ನೂಕುನುಗ್ಗಲಿನಲ್ಲಿ.

ನಿಮ್ಮ ಮೆಟ್ಟಿಲುಗಳು ಬೇರೆ ಇರುತ್ತವೆ. ಕೆಲವರಿಗೆ ಲ್ಯಾಪ್‌ಟಾಪ್ ತೆರೆಯುವುದೇ ಮೊದಲ ಮೆಟ್ಟಿಲು. ಶಿಕ್ಷಕರಿಗೆ ಶಾಲೆಯ ಗೇಟು, ಬ್ಯಾಂಕಿನವರಿಗೆ ಕೌಂಟರು. ಲೆಕ್ಕ ಮಾತ್ರ ಒಂದೇ. ಸ್ವಲ್ಪ ಹೆದರಿಕೆ ಆಗುವಷ್ಟು ದೊಡ್ಡ ಮೆಟ್ಟಿಲು, ಹತ್ತಲು ಆಗುವಷ್ಟು ಚಿಕ್ಕದು, ಮತ್ತು ಗಾಬರಿ ಇಳಿಯುವವರೆಗೆ ಅಲ್ಲೇ ನಿಲ್ಲುವುದು.

ಇನ್ನು ಕಾಗದಪತ್ರದ ವಿಷಯ. ನೆದರ್ಲೆಂಡ್ಸ್‌ನಲ್ಲಿ ನೌಕರ ಕಾಯಿಲೆ ಬಿದ್ದು ಎಂಟು ವಾರದೊಳಗೆ ಮಾಲೀಕ ಮತ್ತು ನೌಕರ ಕೂತು ಮರಳುವ ಯೋಜನೆ ಬರೆಯಲೇಬೇಕು ಅಂತ ಕಾನೂನಿದೆ. ನಮ್ಮಲ್ಲಿ ಖಾಸಗಿ ಕಂಪನಿಗಳಿಗೆ ಅಂಥ ಕಟ್ಟುಪಾಡಿಲ್ಲ. ಇಲ್ಲಿ ಅರ್ಧ ದಿನದ ಕೆಲಸ, ಮನೆಯಿಂದ ಕೆಲಸ ಅನ್ನುವುದೆಲ್ಲ ಕೇಳಿ ಪಡೆಯಬೇಕಾದದ್ದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ವರ್ಷಕ್ಕೆ 12 ದಿನದವರೆಗೆ ಕಾಯಿಲೆ ರಜೆ ಸಂಬಳ ಸಹಿತ ಸಿಗುತ್ತದೆ, ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ಗಳಿಕೆ ರಜೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವವರಿಗೆ, ಅಂದರೆ ತಿಂಗಳ ಸಂಬಳ 21,000 ರೂಪಾಯಿ ದಾಟದವರಿಗೆ, ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಕಾಯಿಲೆ ಭತ್ಯೆ ಇದೆ. ಅದಕ್ಕೆ ಇಎಸ್‌ಐ ಡಾಕ್ಟರ ಸರ್ಟಿಫಿಕೇಟ್ ಬೇಕು. ಸರ್ಕಾರಿ ನೌಕರರಿಗೆ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ಅದನ್ನು ಪರಿವರ್ತಿತ ರಜೆ ಮಾಡಿಕೊಂಡರೆ ಪೂರ್ತಿ ಸಂಬಳ, ಆದರೆ ಖಾತೆಯಲ್ಲಿ ಒಂದಕ್ಕೆ ಎರಡು ದಿನ ಕಳೆಯುತ್ತಾರೆ. ವಾಪಸ್ ಹಾಜರಾಗುವಾಗ ಫಿಟ್‌ನೆಸ್ ಸರ್ಟಿಫಿಕೇಟ್ ಕಡ್ಡಾಯ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಮಗೆ ಬೇಕಾದ ಎರಡು ಮಾತಿವೆ. ನಿಮ್ಮ ಕಾಯಿಲೆಯ ವಿವರ ಗುಟ್ಟಾಗಿರಬೇಕು. ನಿಮ್ಮ ಒಪ್ಪಿಗೆ ಇಲ್ಲದೆ ಎಚ್‌ಆರ್‌ನವರು ಫೋನ್ ಮಾಡಿದ್ದಕ್ಕೆ ಡಾಕ್ಟರು ಎಲ್ಲ ಹೇಳಿಬಿಡುವ ಹಾಗಿಲ್ಲ. ಇನ್ನೊಂದು, ಆರೋಗ್ಯ ವಿಮೆಯಲ್ಲಿ ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ಅವಕಾಶ ಇರಬೇಕು. ಆದರೆ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ದುಡ್ಡು ಕೊಡುತ್ತವೆ, ಕೌನ್ಸೆಲಿಂಗ್ ಫೀಸು ನಮ್ಮ ಜೇಬಿನಿಂದಲೇ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. 2021ರಲ್ಲಿ ಸುಪ್ರೀಂ ಕೋರ್ಟ್ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಇದೇ ಕಾಯ್ದೆ ಹಿಡಿದು, ಮಾನಸಿಕ ಕಾಯಿಲೆ ಇದ್ದವರ ಮೇಲೆ ಶಿಸ್ತುಕ್ರಮ ಹೂಡುವುದು ತಾರತಮ್ಯವಾಗಬಹುದು ಎಂದಿತು. ಆದರೆ ಒಂದೆರಡು ತಿಂಗಳ ಆತಂಕಕ್ಕೆ ರಜೆ ಹಾಕಿದ ಬಹುತೇಕರು ಅಷ್ಟು ದೂರ ಹೋಗಬೇಕಾಗುವುದಿಲ್ಲ. ಒಂದು ಚೆನ್ನಾದ ಮೇಲ್ ಸಾಕು.

ಮೇಲ್‌ನಲ್ಲಿ ಕಾಯಿಲೆಯ ಕಥೆ ಬೇಡ. ಏನು ಬೇಕು, ಎಷ್ಟು ದಿನಕ್ಕೆ ಬೇಕು ಅಂತ ಇರಲಿ. ನಾನು ಬರೆದದ್ದು ಹೀಗಿತ್ತು: ‘ಸಾರ್, ಡಾಕ್ಟರು ಕೆಲಸಕ್ಕೆ ಹಾಜರಾಗಬಹುದು ಎಂದಿದ್ದಾರೆ. ಸರ್ಟಿಫಿಕೇಟ್ ಜೊತೆಗಿದೆ. ಮೊದಲ ಎರಡು ವಾರ ಮಧ್ಯಾಹ್ನ ಎರಡಕ್ಕೆ, ನಂತರದ ಎರಡು ವಾರ ನಾಲ್ಕಕ್ಕೆ ಹೊರಡಲು ಅನುಮತಿ ಬೇಕು. ಐದನೇ ವಾರದಿಂದ ಪೂರ್ತಿ ಸಮಯ. ಉಳಿದ ಗಂಟೆಗಳನ್ನು ರಜೆಯಲ್ಲಿ ಹಿಡಿಯಬಹುದು.’ ‘ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್’ ಅಂದರೆ ಯಾವ ಮ್ಯಾನೇಜರಿಗೂ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಕೊನೆಯ ದಿನಾಂಕ ಇರುವ ಕೋರಿಕೆಗೆ ಹೂಂ ಅನ್ನುವುದು ಸುಲಭ. ಸರ್ಟಿಫಿಕೇಟಿನಲ್ಲಿ ಕಾಯಿಲೆಯ ಹೆಸರು ಹಾಕಬೇಕಾ, ಬೇಡವಾ ಅಂತ ಡಾಕ್ಟರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಮರಳುವ ತಾರೀಕೂ ಮುಖ್ಯ. ತಿಂಗಳ ಜಿಎಸ್‌ಟಿ ತೆರಿಗೆ ಲೆಕ್ಕ, ಅಂದರೆ 3ಬಿ ರಿಟರ್ನ್, ಹಾಕಲು ಕೊನೆಯ ದಿನ 20ನೇ ತಾರೀಕು. ಅಕೌಂಟ್ಸ್‌ನವರು 18ಕ್ಕೆ ಮರಳುವುದು ಅಂದರೆ ಈಜು ಕಲಿಯಲು ಮಳೆಗಾಲದ ಹೊಳೆಗೆ ಇಳಿದ ಹಾಗೆ. ನಾನು 20 ಕಳೆದ ಮೇಲೆ ಬಂದ ಗುರುವಾರ ಸೇರಿದೆ. ಎರಡು ದಿನ ಕೆಲಸ, ಆಮೇಲೆ ವಾರದ ರಜೆ.

ಎಲ್ಲರೂ ಹೆದರುವ ಪ್ರಶ್ನೆ ಬಂದದ್ದು ಟೀ ಹೊತ್ತಿನಲ್ಲಿ. ‘ಏನ್ ಸಾರ್, ಎಲ್ಲಿ ಹೋಗಿಬಿಟ್ರಿ ಇಷ್ಟು ದಿನ?’ ನಾನು ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ‘ಹುಷಾರಿರಲಿಲ್ಲ ಕಣಪ್ಪ, ಈಗ ಪರವಾಗಿಲ್ಲ. ಆ ಹೊಸಕೋಟೆ ಪಾರ್ಟಿ ಪೇಮೆಂಟ್ ಬಂತಾ?’ ಅಷ್ಟೇ. ಪಾರ್ಟಿ ಪೇಮೆಂಟ್ ಕೊಡದ ಕಥೆ ಹತ್ತು ನಿಮಿಷ ನಡೆಯಿತು. ಜನರಿಗೆ ನಮ್ಮ ಕಾಯಿಲೆಯ ಬಗ್ಗೆ ಇರುವ ಕುತೂಹಲ ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ. ಸುಳ್ಳು ಮಾತ್ರ ಹೇಳಬೇಡಿ. ಡೆಂಗ್ಯೂ ಅಂದರೆ ಪ್ಲೇಟ್‌ಲೆಟ್ ಎಷ್ಟಿತ್ತು ಅಂತ ಕೇಳುತ್ತಾರೆ, ಆಮೇಲೆ ಆ ಸುಳ್ಳನ್ನು ಕಾಯುವುದೇ ಇನ್ನೊಂದು ಟೆನ್ಷನ್. ಒಬ್ಬರಿಗಾದರೂ ಪೂರ್ತಿ ನಿಜ ಗೊತ್ತಿದ್ದರೆ ಒಳ್ಳೆಯದು. ನನಗೆ ಪಕ್ಕದ ಟೇಬಲಿನ ಹಿರಿಯ ಮೇಡಂ ಇದ್ದರು. ಕೇಳಿ, ‘ನಮ್ಮ ತಮ್ಮನಿಗೂ ಹಿಂಗೇ ಆಗಿತ್ತು’ ಅಂದರು. ಯಾರ ಮನೆಯಲ್ಲಿ ಆಗಿಲ್ಲ ಹೇಳಿ.

ಮೊದಲ ವಾರ ಸಾವಿರಕ್ಕೂ ಹೆಚ್ಚು ಮೇಲ್ ಕಾದಿದ್ದವು. ಹಳೆಯದರಿಂದ ಶುರುಮಾಡಿದ್ದು ದಡ್ಡತನ. ಅರ್ಧಕ್ಕರ್ಧ ಯಾರೋ ಆಗಲೇ ಮುಗಿಸಿದ ಕೆಲಸಗಳು. ಮೇಡಂ ಹತ್ತಿರ ಕೂತು ‘ಈಗ ನಿಜವಾಗಿ ಬಾಕಿ ಇರೋದು ಏನು’ ಅಂತ ಕೇಳಿದರೆ ಹದಿನೈದು ನಿಮಿಷದಲ್ಲಿ ಮುಗಿಯಿತು. ಕಿರಿಕಿರಿ ಆದದ್ದು ಬೇರೆ ಕಡೆಯಿಂದ. ಮ್ಯಾನೇಜರ್ ಒಳ್ಳೆಯ ಮನಸ್ಸಿನಿಂದಲೇ ನನ್ನ ಕೆಲಸವೆಲ್ಲ ಬೇರೆಯವರಿಗೆ ಕೊಟ್ಟು, ನನಗೆ ಬರೀ ವೋಚರ್ ಫೈಲ್ ಮಾಡಲು ಬಿಟ್ಟರು. ಖಾಲಿ ತಲೆ ಆತಂಕಕ್ಕೆ ಹದ ಮಾಡಿದ ಹೊಲ. ‘ನಾನು ಇನ್ನು ಇಷ್ಟಕ್ಕೇ ಲಾಯಕ್ಕು’ ಅನ್ನುವ ಯೋಚನೆ ಬೇರೆ. ನಾಲ್ಕನೇ ದಿನ ಹೋಗಿ, ಒಂದು ಬ್ಯಾಂಕಿನ ಬಿಆರ್‌ಎಸ್ (ನಮ್ಮ ಲೆಕ್ಕವನ್ನು ಬ್ಯಾಂಕಿನ ಲೆಕ್ಕದ ಜೊತೆ ತಾಳೆ ನೋಡುವ ಕೆಲಸ) ನನಗೇ ಕೊಡಿ ಸಾರ್ ಅಂತ ಕೇಳಿದೆ. ಗಂಟೆ ಕಡಿಮೆ ಇರಲಿ, ಕೆಲಸ ಮಾತ್ರ ನಿಜವಾದದ್ದೇ ಇರಲಿ.

ಕಣ್ಣಿಗೆ ಕಾಣದ ಸುತ್ತುಗಳೂ ಇರುತ್ತವೆ. ಜೇಬಿನಲ್ಲಿ ಗಾಬರಿ ಬೇಗ ಇಳಿಸುವ ಕ್ಲೋನಾಜೆಪಾಮ್ ಮಾತ್ರೆಯ ಪಟ್ಟಿ ಇಟ್ಟುಕೊಂಡು ಆಗಾಗ ಮುಟ್ಟಿ ನೋಡುವುದು. ಮೀಟಿಂಗಿನಲ್ಲಿ ಬಾಗಿಲ ಪಕ್ಕವೇ ಕೂರುವುದು. ವಾಚಿನಲ್ಲಿ ಎದೆಬಡಿತ ಎಣಿಸುವುದು. ಒಂದೇ ಎಂಟ್ರಿಯನ್ನು ಐದು ಸಲ ತಾಳೆ ನೋಡುವುದು. ಆಫೀಸಿಗೆ ಹೋಗಿಯೂ ಇವೆಲ್ಲ ಮಾಡುತ್ತಿದ್ದರೆ ಮಿದುಳು ‘ಮಾತ್ರೆ ಇದ್ದದ್ದಕ್ಕೆ ಉಳಿದೆ’ ಅಂತಲೇ ಬರೆದುಕೊಳ್ಳುತ್ತದೆ. ಒಂದೊಂದಾಗಿ ಬಿಡಬೇಕು. ನಾನು ಮೊದಲು ಬಿಟ್ಟಿದ್ದು ವಾಚು. ಕ್ಲೋನಾಜೆಪಾಮ್ ದಿನಾ ತಗೊಳ್ಳುತ್ತಿರುವವರು ಮಾತ್ರ ತಾವಾಗಿ ನಿಲ್ಲಿಸಬಾರದು. ಅದು ರೂಢಿಯಾಗುವ ಔಷಧಿ, ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಮತ್ತೆ ಕಾಫಿ. ದಿನಕ್ಕೆ ಐದು ಲೋಟ ಸ್ಟ್ರಾಂಗ್ ಕಾಫಿ ಕುಡಿದು ಎದೆ ಯಾಕೆ ಹೊಡೆದುಕೊಳ್ಳುತ್ತದೆ ಅಂತ ಕೇಳುತ್ತಿದ್ದೆ ನಾನು. ಈಗ ಎರಡು.

ಮೂರನೇ ವಾರ ಒಂದು ಹಳ್ಳ ಬರಬಹುದು. ಮೊದಲ ವಾರ ಎಲ್ಲರೂ ಹುಷಾರಾಗಿ ಮಾತಾಡಿಸುತ್ತಾರೆ. ಮೂರನೇ ವಾರದ ಹೊತ್ತಿಗೆ ಮರೆತಿರುತ್ತಾರೆ, ನಾಲ್ಕಕ್ಕೆ ಹೊರಡುವವರ ಮೇಜಿಗೆ ಮೂರೂ ಮುಕ್ಕಾಲಿಗೆ ಫೈಲ್ ಬರುತ್ತದೆ. ನನಗೆ ಒಂದು ದಿನ ಶೌಚಾಲಯದಲ್ಲಿ ನಿಂತು ಕೈ ನಡುಗುವುದು ನಿಲ್ಲುವವರೆಗೆ ಕಾಯಬೇಕಾಯಿತು. ಮನೆಗೆ ಹೋಗಲಿಲ್ಲ, ವಾಪಸ್ ಬಂದು ಕೂತೆ. ಮನೆಯವರಿಗೂ ಈ ಮಾತು ಹೇಳಿಡಬೇಕು. ಅಮ್ಮ ಗಂಟೆಗೊಮ್ಮೆ ಫೋನ್ ಮಾಡಿ ‘ಹೆಂಗಿದೀಯಪ್ಪ’ ಅನ್ನುತ್ತಿದ್ದರು. ಪ್ರೀತಿಯೇ, ಆದರೆ ಪ್ರತಿ ಫೋನೂ ‘ಏನೋ ಆಗಬಹುದು’ ಅಂತ ನೆನಪಿಸುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಒಂದೇ ಸಲ ಅಂತ ಒಪ್ಪಂದ ಮಾಡಿಕೊಂಡೆವು.

ಇಷ್ಟೆಲ್ಲ ಹೇಳಿದ್ದು ನಾಯಿ ಬರೀ ಬೊಗಳುವಂಥದ್ದಾದರೆ. ನಿಜವಾಗಿ ಕಚ್ಚುವ ನಾಯಿಯಾದರೆ ಮೆಟ್ಟಿಲು ಹತ್ತುವ ಅಭ್ಯಾಸ ಉಪಯೋಗಕ್ಕೆ ಬರುವುದಿಲ್ಲ. ದಿನಾ ಹನ್ನೆರಡು ಗಂಟೆ ಕೆಲಸ, ಎಲ್ಲರೆದುರು ಬೈಯುವ ಮೇಲಧಿಕಾರಿ, ಇಬ್ಬರು ಮಾಡುವ ಕೆಲಸಕ್ಕೆ ಒಬ್ಬರೇ. ಅಲ್ಲಿ ಬರುವ ಗಾಬರಿ ಸರಿಯಾಗಿಯೇ ಗಂಟೆ ಹೊಡೆಯುತ್ತಿದೆ. ಹಾಗಿದ್ದರೆ ಮರಳುವ ಮುಂಚೆ ಕೆಲಸವೇ ಬದಲಾಗಬೇಕು: ಬೇರೆ ವಿಭಾಗ, ಬೇರೆ ಶಿಫ್ಟು, ಆಗದಿದ್ದರೆ ಬೇರೆ ಕಂಪನಿ. ಗುರುತಿಸಲು ನಾನು ಬಳಸಿದ ಉಪಾಯ ಇದು. ನನ್ನ ಜಾಗದಲ್ಲಿ ಗಟ್ಟಿ ಗುಂಡಿಗೆಯ ಗೆಳೆಯ ಕೂತಿದ್ದರೆ ಅವನಿಗೂ ಇದು ಅನ್ಯಾಯ ಅನ್ನಿಸುತ್ತಿತ್ತಾ? ಹೌದು ಅಂತಾದರೆ ತೊಂದರೆ ನನ್ನೊಳಗೆ ಮಾತ್ರ ಇಲ್ಲ.

ನಿದ್ದೆ ಮತ್ತೆ ವಾರಗಟ್ಟಲೆ ಕೆಟ್ಟರೆ, ಸಂಜೆ ಕುಡಿತ ಶುರುವಾದರೆ, ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಮೆಟ್ಟಿಲು, ಯೋಜನೆ ಎಲ್ಲ ಪಕ್ಕಕ್ಕಿಟ್ಟು ಅವತ್ತೇ ಡಾಕ್ಟರನ್ನು ನೋಡಬೇಕು. ರಾತ್ರಿ ಹೊತ್ತಾದರೆ 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ. ಇದರ ಹಿಂದಿರುವ ಮುಖ್ಯ ಸಂಸ್ಥೆ ನಮ್ಮ ನಿಮ್ಹಾನ್ಸ್. ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು ಸಾಮಾನ್ಯ ತಪ್ಪು ಮಾತ್ರೆಯದ್ದು. ಕೆಲಸಕ್ಕೆ ಮರಳಿ ಒಂದು ತಿಂಗಳು ಚೆನ್ನಾಗಿ ಹೋಯಿತು ಅಂತ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಆರಾಮಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ಆಮೇಲೆ ಮೆಲ್ಲಗೆ ಇಳಿಸುವುದು ರೂಢಿ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರುತ್ತದೆ. ಅದನ್ನು ಕಾಯಿಲೆ ವಾಪಸ್ ಬಂತು ಅಂದುಕೊಂಡು ಮತ್ತೆ ರಜೆ ಹಾಕುವವರಿದ್ದಾರೆ. ನನಗೆ ಇನ್ನೂ ನಾಲ್ಕು ತಿಂಗಳು ಬಾಕಿ ಇದೆ. ಮುಂದಿನ ಅಪಾಯಿಂಟ್‌ಮೆಂಟ್ 21ಕ್ಕೆ. 20ನೇ ತಾರೀಕು ಕಳೆಯಲಿ ಅಂತ ನಾನೇ ಹಾಗೆ ಕೇಳಿ ಹಾಕಿಸಿಕೊಂಡಿದ್ದೇನೆ.